ಮಡ್ಡಿಯ ಮೇಲೆ ಚೌಕಟ್ಟುಗಳು ನಿಂತ ವರ್ಷ

ಚಿಕ್ಕೋಡಿಯಲ್ಲಿ ಮಗಳ ಮನೆಯ ಎದುರಿಗೆ ಯಾರೋ ಮನೆ ಕಟ್ಟಿಸುತ್ತಿದ್ದಾರೆ. ಬೆಳಿಗ್ಗೆ ಹೊಸ ಗೋಡೆಗೆ ನೀರು ಹೊಡೆಯುತ್ತಾರೆ. ಆ ಹಸಿ ಗೋಡೆಯ ವಾಸನೆ ಕಿಟಕಿಯಿಂದ ಒಳಗೆ ಬರುತ್ತದೆ. ಮಗಳು ಕಸ್ತೂರಿಗೆ ಧೂಳಿನ ಚಿಂತೆ, ದಿನಕ್ಕೆರಡು ಸಲ ನೆಲ ಒರೆಸುತ್ತಾಳೆ. ನನಗೆ ಆ ವಾಸನೆ ಮೂಗಿಗೆ ಬಡಿದರೆ ಕೈಕಾಲು ತಣ್ಣಗಾಗುತ್ತವೆ. ಅಳು ಬರುತ್ತದೆ ಎಂದು ತಿಳಿಯಬೇಡಿ. ಆಗಲೇ ಬರದ ಅಳು ಈಗೇನು ಬಂದೀತು! ಒಳಗೆ ಎಲ್ಲಾ ನಿಂತುಬಿಟ್ಟ ಹಾಗಾಗುತ್ತದೆ, ಅಷ್ಟೇ.

ಅಲ್ಲಿ ಕೆಲಸಕ್ಕಿರುವವರೆಲ್ಲ ಹಿಂದಿ ಮಾತಾಡುವ ದೂರದ ಹುಡುಗರು. ಮೊನ್ನೆ ಕಸ್ತೂರಿ, "ನಮ್ಮ ಕಡೆ ಈಗ ಗವಂಡ್ಯಾರ ಸಿಗೂದ ಇಲ್ಲವ್ವಾ, ಕಾಲ ಕೆಟ್ಟೈತಿ," ಅಂದಳು. ಮನೆ ಕಟ್ಟುವವನನ್ನು ನಮ್ಮ ಕಡೆ ಗವಂಡಿ ಎನ್ನುತ್ತೇವೆ. ಈಗ ಸಿಗುವುದಿಲ್ಲವಂತೆ! ಆಗ ಸಿಕ್ಕಿದ್ದರೇ? ಸಿಕ್ಕಿದ್ದರೆ ಇವಳಿಗೊಬ್ಬ ತಮ್ಮ ಇರುತ್ತಿದ್ದ. ಅದನ್ನು ಅವಳ ಮುಂದೆ ಹೇಳಲಿಲ್ಲ. ಆಗ ಅವಳಿನ್ನೂ ಅಂಗಿ ತಿರುಗಿಸಿ ಹಾಕಿಕೊಳ್ಳುವ ವಯಸ್ಸಿನ ಕೂಸು.

ಎಂಬತ್ತರ ದಶಕ ಮುಗಿಯಲು ಬಂದಿತ್ತು. ನನ್ನ ಗಂಡನ ಊರು ರಾಯಬಾಗ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಗೆ. ಹಿಂದಿನ ಮಳೆಗಾಲದಲ್ಲಿ ಹೊಳೆ ಊರೊಳಗೆ ಬಂದಿತ್ತು. ಹೊಳೆ ಬರುವುದು ಹೊಸದೇನಲ್ಲ, ಬರುತ್ತಿತ್ತು, ಹೋಗುತ್ತಿತ್ತು. ಆ ಸಲ ಮಾತ್ರ ಹೋಗಲು ಮನಸ್ಸು ಮಾಡಲಿಲ್ಲ. ಕೊನೆಗೆ ನೀರಿಳಿದಾಗ ಅರ್ಧ ಊರಿನ ಮಣ್ಣಿನ ಗೋಡೆಗಳು ಕುಸಿದು ಕೂತಿದ್ದವು. ಸರಕಾರದವರು ಊರಿಗೆ ಮೇಲೆ ಮಡ್ಡಿಯಲ್ಲಿ ಜಾಗ ಕೊಟ್ಟರು. ಮಡ್ಡಿ ಎಂದರೆ ಕುರಿ ಮೇಯಲಿಕ್ಕೂ ಬೇಸರಪಡುವ ಕಲ್ಲುನೆಲ. ಓವರ್ಸಿಯರ್ ಒಬ್ಬ ಬಂದು ಸುಣ್ಣದ ಗೆರೆ ಎಳೆಸಿ, ಇದು ನಿಮ್ಮದು, ಇದು ಅವರದು, ಇದು ಶಾಲೆ, ಇದು ನರ್ಸಬಾಯಿಯ ಮನೆ ಎಂದು ತೋರಿಸಿ ಹೋದ. ಅವನೊಬ್ಬನ ಕೊರಳಿಗೆ ಎಷ್ಟೋ ಊರುಗಳನ್ನು ಕಟ್ಟಿದ್ದರಂತೆ. ಮತ್ತೆ ಅವನು ಮುಖ ತೋರಿಸುವಷ್ಟರಲ್ಲಿ ಗೆರೆಗಳೆಲ್ಲ ಅಳಿಸಿಹೋಗಿದ್ದವು.

ಸುಗ್ಗಿ ಮುಗಿಯುತ್ತಲೇ ಜನ ಹಳೆಯ ಮನೆ ಬಿಚ್ಚಿದರು. ತೊಲೆ, ಕಂಬ, ಬಾಗಿಲು, ಚೌಕಟ್ಟು ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಮಡ್ಡಿ ಏರಿದೆವು. ಕಬ್ಬಿನ ರವದಿ, ಅಂದರೆ ಒಣಗಿದ ಸೋಗೆ, ಅದನ್ನು ಹೊದಿಸಿ ಗುಡಿಸಲು ಹಾಕಿಕೊಂಡೆವು. ಕಟ್ಟಲು ಕಲ್ಲು ಕಾಲಡಿಯಲ್ಲೇ ಇತ್ತು. ಮಣ್ಣು ಇತ್ತು. ಹೊರಲಿಕ್ಕೆ ನಾವಿದ್ದೆವು. ಗವಂಡಿ ಮಾತ್ರ ಇರಲಿಲ್ಲ.

ಮೊದಲು ಊರಲ್ಲಿ ಗವಂಡಿಗಳ ಒಂದು ಓಣಿಯೇ ಇತ್ತು. ಆ ಓಣಿಯ ಹರೆಯದವರೆಲ್ಲ ಇಚಲಕರಂಜಿ, ಸಾಂಗ್ಲಿ, ಪುಣೆ ಎಂದು ದೊಡ್ಡ ಕಟ್ಟಡಗಳ ಕೆಲಸಕ್ಕೆ ಹೋಗಿದ್ದರು. ತಪ್ಪೆನ್ನಲಾರೆ, ಅಲ್ಲಿ ವರ್ಷವಿಡೀ ಕೆಲಸ. ಉಳಿದವನು ದಸ್ತಗೀರ ಮಾಮಾ ಒಬ್ಬ. ಬಿಳಿ ಗಡ್ಡ, ಬಾಗಿದ ಬೆನ್ನು, ಆದರೆ ಬಾಯಿ ಮಾತ್ರ ಹದಿನೆಂಟರದು. "ನನ್ನ ಮಕ್ಕಳು ಪುಣೇದಾಗ ಮುಗಲ ಮುಟ್ಟೂ ಬಿಲ್ಡಿಂಗ ಎಬ್ಬಸಾಕತ್ತಾರ್ರಿ. ಇಲ್ಲಿ ಅವರಪ್ಪಗ ಒಂದ ಕಲ್ಲ ಎತ್ತಿ ಕೊಡಾಕ ಗತಿ ಇಲ್ಲ," ಎಂದು ನಗುತ್ತಿದ್ದ. ಹಿತ್ತಲ ಗೋಡೆ ಎಲ್ಲರೂ ಇಟ್ಟಾರು. ತೊಲೆ ಹೊರುವ ಗೋಡೆ ಬೇರೆ. ನಮ್ಮ ಪಕ್ಕದ ಜಾಗದ ಬಸಪ್ಪ ಕಾಕಾ, "ಇದರಾಗೇನ ಬ್ರಹ್ಮವಿದ್ಯಾ ಐತಿ?" ಎಂದು ತಾನೇ ಇಟ್ಟುನೋಡಿದ. ತೊಲೆ ಏರಿಸುತ್ತಲೇ ಮೂಲೆ ಬಿಚ್ಚಿಕೊಂಡು ಗೋಡೆ ಮಲಗಿತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಅಲ್ಲಿಂದ ಊರಿಗೆ ಊರೇ ದಸ್ತಗೀರನ ಬೆನ್ನು ಹತ್ತಿತು.

ನಮ್ಮ ಕಡೆ ಒಂದು ರಿವಾಜು. ಮನೆಯ ಮುಂಬಾಗಿಲ ಚೌಕಟ್ಟು ನಿಲ್ಲಿಸುವ ದಿನ ಪೂಜೆ ಮಾಡಿ, ಗವಂಡಿಗೆ ಕಾಯಿ ಕೊಡುತ್ತಾರೆ. ಅವನು ಅದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಚೌಕಟ್ಟಿನ ಮೇಲೆ ಕಟ್ಟುತ್ತಾನೆ. ಅಂದಿನಿಂದ ಆ ಮನೆ ಅವನ ಪಾಲಿನದು. ಇನ್ನೊಬ್ಬ ಗವಂಡಿ ಅದಕ್ಕೆ ಕೈ ಹಚ್ಚುವುದಿಲ್ಲ, ಅವನೂ ಅದನ್ನು ಅರ್ಧಕ್ಕೆ ಬಿಡುವುದಿಲ್ಲ. ಯಾರ ತಲೆಗೆ ಮೊದಲು ಹೊಳೆಯಿತೋ ಗೊತ್ತಿಲ್ಲ, ಪಾಯ ತೋಡುವ ಮೊದಲೇ ಒಬ್ಬ ತನ್ನ ಜಾಗದಲ್ಲಿ ಎರಡು ಗುಂಡಿ ತೆಗೆದು, ಚೌಕಟ್ಟು ನಿಲ್ಲಿಸಿ, ದಸ್ತಗೀರನ ಕೈಗೆ ಕಾಯಿ ಕೊಟ್ಟುಬಿಟ್ಟ. ಮರುದಿನ ಅವನ ನೆರೆಯವ ಕೊಟ್ಟ. ಮುಗಿಯಿತು! ಯುಗಾದಿಗೂ ಅಕ್ಷಯ ತದಿಗೆಗೂ ನಡುವೆ ಮಡ್ಡಿಯ ತುಂಬ ಚೌಕಟ್ಟುಗಳೆದ್ದವು. ದಸ್ತಗೀರ ಯಾರಿಗೂ ಒಲ್ಲೆ ಅನ್ನಲಿಲ್ಲ. ಅನ್ನುವ ಸ್ವಭಾವವೇ ಅವನದಲ್ಲ. "ಆಗಲಿ ಅಕ್ಕಾರ, ನಿಲ್ಲಸೂಣು," ಎಂದು ಎಲ್ಲರ ಕಾಯಿಯನ್ನೂ ಕಟ್ಟಿದ. ಪಂಚಾಯಿತಿಯವರು ನರ್ಸಬಾಯಿಯ ಜಾಗದಲ್ಲೂ ಒಂದು ನಿಲ್ಲಿಸಿ ಕೈ ತೊಳೆದುಕೊಂಡರು. ಆ ಮನೆ ಆಗುವವರೆಗೆ ನರ್ಸಬಾಯಿ ರಾಯಬಾಗದಲ್ಲೇ ಇದ್ದು ವಾರಕ್ಕೊಮ್ಮೆ ಬಸ್ಸಿಗೆ ಬರುತ್ತಿದ್ದಳು.

ನಮ್ಮ ಚೌಕಟ್ಟು ನಿಂತಾಗ ನಾನು ಬಸುರಿ. ಮನೆಯಲ್ಲಿ ಬಸುರಿ ಇದ್ದಾಗ ಮನೆ ಕೆಲಸ ಹಿಡಿಯಬಾರದು ಎನ್ನುತ್ತಾರೆ. ನಮ್ಮ ಅತ್ತೆಗೆ ಇದೆಲ್ಲ ಬಾಯಿಪಾಠ. ಆದರೂ, "ಎಲ್ಲಾರೂ ನಿಲ್ಲಸ್ಯಾರ. ನಾವ ಸುಮ್ಮ ಕುಂತ್ರ ದಸ್ತಗೀರ ಮುಂದಿನ ಜನ್ಮಕ್ಕ ಸಿಗ್ತಾನ," ಎಂದು ತಾವೇ ಮುಂದೆ ನಿಂತು ಪೂಜೆ ಮಾಡಿಸಿದರು. ನಾನೂ ಬೇಡವೆನ್ನಲಿಲ್ಲ. ನನಗೆ ಬೇಕಾದದ್ದು ಒಂದೇ. ಮಿರಗದ ಮಳೆ, ಅಂದರೆ ಮೃಗಶಿರೆಯ ಮಳೆ, ಹಿಡಿಯುವ ಮೊದಲು ನಾಲ್ಕು ಗೋಡೆಯ ಒಂದು ಕೋಣೆ. ಹೆರಿಗೆಗೆ ಹೋಗೋಣವೆಂದರೆ ತವರು ಭೋಜದಲ್ಲಿ ಅವ್ವ ಇರಲಿಲ್ಲ, ಅಣ್ಣನ ಹೆಂಡತಿಯೂ ದಿನ ತುಂಬಿದವಳು. ಒಂದು ಮನೆಯಲ್ಲಿ ಎರಡು ಬಾಣಂತನ ಸಲ್ಲದೆಂದು ಅಣ್ಣನೇ ಬಂದು ಹೇಳಿಹೋದ. ರವದಿಯ ಗುಡಿಸಲಲ್ಲಿ ಹಾವು, ಗಾಳಿ, ಕಿಡಿ ಎಲ್ಲದರ ಭಯ. ಒಳಗೆ ಒಲೆ ಹಚ್ಚುವಂತಿಲ್ಲ, ಬಾಣಂತಿಗೆ ಬೆಂಕಿಯಿಲ್ಲದೆ ಆಗುವುದಿಲ್ಲ. ದಿನವೂ ದಸ್ತಗೀರನನ್ನು ಕೇಳುತ್ತಿದ್ದೆ. "ಬಂದೆ ತಂಗಿ, ಬಂದೆ. ನಿಮಗಿಂತ ಮೊದಲಿನವರ ಅದಾರ," ಅನ್ನುತ್ತಿದ್ದ. ಒಂದೊಂದು ಮನೆಯಲ್ಲಿ ಮೊಣಕಾಲ ಮಟ್ಟ, ಇನ್ನೊಂದರಲ್ಲಿ ಸೊಂಟದ ಮಟ್ಟ. ಎಲ್ಲರ ಬಾಯಿಯನ್ನೂ ಮುಚ್ಚಿಸಲು ಎಲ್ಲ ಕಡೆಯೂ ಎರಡೆರಡು ಸಾಲು ಇಟ್ಟು ಓಡುತ್ತಿದ್ದ ಪಾಪದ ಮುದುಕ. ಒಂದೂ ಮುಗಿಯಲಿಲ್ಲ.

ಚೌಕಟ್ಟಿನ ಊರಲ್ಲಿ ಬದುಕುವುದೂ ಒಂದು ಮಜವೇ. ಗೋಡೆಯಿಲ್ಲ, ಆದರೆ ಬಾಗಿಲಿಗೆ ಬಾಗಿಲೇ. ಹೆಂಗಸರು ಚೌಕಟ್ಟಿನ ಮುಂದೆ ರಂಗೋಲಿ ಹಾಕುವರು, ಹೊಸ್ತಿಲಿಗೆ ಅರಿಸಿನ ಹಚ್ಚುವರು. ಬಂದ ಬೀಗರು ಚೌಕಟ್ಟಿನ ಹೊರಗೇ ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ ದಾಟಿ, ಬಟ್ಟಬಯಲಿಗೆ ಬರುವರು. ಯಾರಾದರೂ ಪಕ್ಕದಿಂದ ಬಂದರೆ ನಮ್ಮತ್ತೆ ಬಿಡುತ್ತಿರಲಿಲ್ಲ. "ಬಾಗಲಾ ಕಾಣ್ಸೂದಿಲ್ಲೇನಲೇ? ದನ ಬಂದಂಗ ಬರ್ತಿ!" ಎಂದು ಜಾಡಿಸುತ್ತಿದ್ದರು. ಒಮ್ಮೆ ನಮ್ಮವರೇ ಸಗಣಿಯ ಬುಟ್ಟಿ ಹೊತ್ತು ಪಕ್ಕದಿಂದ ಬಂದು, ಬೈಸಿಕೊಂಡು, ತಿರುಗಿ ಹೋಗಿ ಚೌಕಟ್ಟಿನೊಳಗಿಂದ ಬಂದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ವರ್ಷ ನಕ್ಕದ್ದು ಅದೇ ಕೊನೆ ಇರಬೇಕು.

ಬಿಸಿಲು ಸುಡುತ್ತಿದ್ದಾಗ ಒಂದು ಮುಂಜಾನೆ ಮಿರಜ ಕಡೆಯ ಇಬ್ಬರು ಗವಂಡಿಗಳು ಮಡ್ಡಿಗೆ ಬಂದರು. ಕಾಗವಾಡದಲ್ಲಿ ಒಂದು ಕೆಲಸಕ್ಕೆ ಹೊರಟಿದ್ದರು. ಅದು ಶುರುವಾಗಲು ಇನ್ನೂ ಸಮಯವಿದೆ, ನಡುವೆ ಏನಾದರೂ ಸಿಕ್ಕೀತೆಂದು ಊರೂರು ನೋಡುತ್ತ ಬಂದವರು. ನನಗೆ ದೇವರೇ ಚೀಲ ಹೆಗಲಿಗೆ ಹಾಕಿಕೊಂಡು ಬಂದ ಹಾಗಾಯಿತು. ಇಬ್ಬರಿಗೂ ನೀರು ಬೆಲ್ಲ ಕೊಟ್ಟು ಕೂರಿಸಿದೆ. ಹಿರಿಯನು ನಮ್ಮ ಚೌಕಟ್ಟು ನೋಡಿ, "ಹೀ ಚೌಕಟ ಕೋಣಾಚೀ?" ಎಂದು ಕೇಳಿದ, ಈ ಚೌಕಟ್ಟು ಯಾರದೆಂದು. ಅತ್ತೆ ಎದೆಯುಬ್ಬಿಸಿ, "ಆಮಚೀ," ಅಂದರು, ನಮ್ಮದು ಎಂದು. ಅವನು ನಕ್ಕ. ಅವನು ಕೇಳಿದ್ದು ಮನೆಯವರನ್ನಲ್ಲ, ಗವಂಡಿಯನ್ನು. ಮೇಲೆ ಕಟ್ಟಿದ ಕೆಂಪು ಗಂಟಿಗೆ ಬೆರಳು ತೋರಿಸಿದ. ದಸ್ತಗೀರನ ಹೆಸರು ಕೇಳುತ್ತಲೇ ನೀರಿನ ತಂಬಿಗೆ ಕೆಳಗಿಟ್ಟ.

ಅವರು ಮಡ್ಡಿಯೆಲ್ಲ ಸುತ್ತಿ ಬಂದರು. ಎಲ್ಲಿ ನೋಡಿದರೂ ಕೆಂಪು ಗಂಟು. ಕೆಲಸ ಹುಡುಕಿ ಬಂದ ಗವಂಡಿಗಳು, ಗವಂಡಿಯನ್ನು ಹುಡುಕುವ ಊರು, ನಡುವೆ ಒಂದೊಂದು ತೆಂಗಿನಕಾಯಿ! ಎಲ್ಲರೂ ಜಾಣರಾಗಿ ಎಲ್ಲರೂ ಸಿಕ್ಕಿಬಿದ್ದಿದ್ದೆವು. ಕೊನೆಗೆ ಹಿರಿಯವನು ನನ್ನ ಹೊಟ್ಟೆ ನೋಡಿ, ಕಾಯಿ ಕಟ್ಟಿದವನೇ ಬಂದು ಬಿಚ್ಚಿಕೊಟ್ಟರೆ ಮೊದಲು ನಿಮ್ಮದೊಂದು ಕೋಣೆ ಎಬ್ಬಿಸಿ ಹೋಗುತ್ತೇವೆ ಎಂದ.

ಆ ಬಿಸಿಲಲ್ಲೇ ದಸ್ತಗೀರ ಮಾಮಾನ ಹತ್ತಿರ ಹೋದೆ. ಯಾರದೋ ಗೋಡೆಯ ನೆರಳಲ್ಲಿ ರೊಟ್ಟಿ ಬಿಚ್ಚಿ ಕೂತಿದ್ದ. ಹೇಳಿದೆ. ಅವನಿಗೆ ಕೋಪ ಬಂದೀತೆಂದುಕೊಂಡಿದ್ದೆ. ರೊಟ್ಟಿ ಮಡಿಚಿ ಕಟ್ಟಿ ಎದ್ದೇಬಿಟ್ಟ. "ನಡಿ ತಂಗಿ, ಈಗ ಬಿಚ್ಚಿ ಕೊಡ್ತೀನಿ. ಒಂದರೆ ಮನಿ ನನ್ನ ತಲಿ ಮ್ಯಾಲಿಂದ ಇಳೀಲಿ. ಅಲ್ಲಾನ ಕಳಿಸ್ಯಾನ ಅವರನ್ನ." ದಾರಿಯುದ್ದಕ್ಕೂ, ನನಗೆ ನಿದ್ದೆ ಬರುವುದಿಲ್ಲ, ಕಣ್ಣು ಮುಚ್ಚಿದರೆ ಚೌಕಟ್ಟುಗಳೇ ಕಾಣುತ್ತವೆ ಎಂದ. ನಾನು ಅವನ ಹಿಂದೆ ಹೆಚ್ಚುಕಡಿಮೆ ಓಡುತ್ತಿದ್ದೆ.

ಗವಂಡಿ ಬದಲಾದರೆ ನಿಂತ ಚೌಕಟ್ಟನ್ನು ಒಮ್ಮೆ ನೆಲಕ್ಕೆ ಮಲಗಿಸಿ, ಹೊಸ ಕೈಯಿಂದ ಮತ್ತೆ ಎತ್ತಿಸಬೇಕು. ದಸ್ತಗೀರ ಕಾಯಿಗೆ ಕೈ ಹಾಕಿದ್ದನಷ್ಟೇ. ಅತ್ತೆ ಬಂದು ಚೌಕಟ್ಟಿನ ನಡುವೆ ಎರಡೂ ಕೈ ಚಾಚಿ ನಿಂತುಬಿಟ್ಟರು.

"ನಿಂತ ಚೌಕಟ್ಟ ಮಲಗಸ್ತೀರಿ? ಚೌಕಟ್ಟ ಮಲಗಿದ್ರ ಯಜಮಾನ ಮಲಗ್ತಾನ. ನಮ್ಮ ಮಾವನ ಮನ್ಯಾಗ ನಾ ಕಣ್ಣಾರೆ ಕಂಡೀನಿ. ನನಗಿರಾವ ಒಬ್ಬ ಮಗ!"

ದಸ್ತಗೀರ ಬೇಡಿಕೊಂಡ. ಮಿರಜದವರು, ಚೌಕಟ್ಟು ಇದ್ದಲ್ಲೇ ಇರಲಿ, ಹಿಂದೆ ಬೇರೆಯೇ ಒಂದು ಕೋಣೆ ಎಬ್ಬಿಸುತ್ತೇವೆ, ಅದಕ್ಕೆ ಯಾರ ಕಾಯಿಯೂ ಇಲ್ಲವಲ್ಲ ಎಂದರು. ನನಗೆ ಹೋದ ಜೀವ ಮತ್ತೆ ಬಂದ ಹಾಗಾಯಿತು.

"ಚೌಕಟ್ಟ ಒಂದ ಕಡೆ, ಗ್ವಾಡಿ ಒಂದ ಕಡೆ?" ಅತ್ತೆ ಕೈ ಇಳಿಸಲಿಲ್ಲ. "ಬಾಗಲಾ ಬಿಟ್ಟ ಕಟ್ಟಿದ ನಾಕ ಗ್ವಾಡಿಗಿ ಮನಿ ಅನ್ನೂದಿಲ್ಲೋ ತಮ್ಮಾ, ಗೋರಿ ಅಂತಾರ."

"ಅತ್ತಿ, ನನಗ ಬಾಗಲಾ ಬ್ಯಾಡ. ಗ್ವಾಡಿ ಬೇಕ," ಅಂದೆ. ನಾಲ್ಕು ಜನರ ಮುಂದೆ ಅವರಿಗೆ ಎದುರಾಡಿದ್ದು ಅದೇ ಮೊದಲು. ನಮ್ಮವರು ಎತ್ತಿನ ಗಾಡಿಯ ಮೂಕಿಗೆ ಒರಗಿ ನಿಂತಿದ್ದರು. ಒಂದು ಮಾತು ಆಡಿದ್ದರೆ ಸಾಕಿತ್ತು. ಹೂಂ ಅಂದಿದ್ದರೂ ಸಾಕಿತ್ತು. ಅವರು ಎತ್ತಿನ ಬೆನ್ನು ಸವರುತ್ತ ನಿಂತರು. ಮಿರಜದವರು ಚೀಲ ಹೆಗಲಿಗೇರಿಸಿ, ಕಾಗವಾಡದ ದಾರಿ ಹಿಡಿದರು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.

ಅತ್ತೆ ಕೆಟ್ಟವರಲ್ಲ. ಇದನ್ನು ನಾನು ಬೇರೆಯವರಿಗೆ ಹೇಳುವುದಕ್ಕಿಂತ ನನಗೇ ಹೇಳಿಕೊಂಡದ್ದು ಹೆಚ್ಚು. ಅವರು ತಮ್ಮ ಮಗನನ್ನು ಕಾಯುತ್ತಿದ್ದರು. ನಾನು ನನ್ನದನ್ನು ಕಾಯುತ್ತಿದ್ದೆ.

ಮಿರಗದ ಮಳೆ ಆ ವರ್ಷ ಹೇಳಿದ ದಿನಕ್ಕೆ ಬಂತು. ಕಾರಹುಣ್ಣಿಮೆಯ ಹೊತ್ತಿಗೆ ಗುಡಿಸಲಲ್ಲೇ ಹೆತ್ತೆ. ಗಂಡು. ಮೊರದಲ್ಲಿ ಮಲಗಿಸಿದಾಗ ಮೊರದ ತುಂಬ ಆಗಿದ್ದ, ಅಷ್ಟು ಗಟ್ಟಿ ಕೂಸು. ಅತ್ತೆ ಮಳೆಯಲ್ಲೇ ಊರಿಗೆಲ್ಲ ಸಕ್ಕರೆ ಹಂಚಿ ಬಂದರು. ಪ್ರತಿ ಚೌಕಟ್ಟಿನ ಮುಂದೆ ನಿಂತು ಕೂಗಿ ಕರೆದು ಕೊಟ್ಟರಂತೆ. ಕೂಸು ಹುಟ್ಟಿದ ಐದನೆಯ ದಿನ, ಐದೇಶಿಯಂದು, ಗಾಳಿ ಎದ್ದಿತು. ಮಡ್ಡಿಯ ಮೇಲೆ ಗಾಳಿಗೆ ತಡೆಯೇ ಇಲ್ಲ. ರವದಿ ಹಿಡಿಹಿಡಿಯಾಗಿ ಹಾರಿಹೋಯಿತು. ಕೂಸನ್ನು ಎತ್ತಿಕೊಂಡು ಗಾಡಿಯ ಕೆಳಗೆ ಸೇರಿದೆವು, ಮೇಲೆ ತಾಡಪತ್ರಿ ಹೊದಿಸಿ. ಅದೇ ಹೊತ್ತಿಗೆ ಮಡ್ಡಿಯ ಮೇಲೆ ಊರಿನವರೆಲ್ಲ ಹೀಗೆಯೇ ಗಾಡಿಯ ಕೆಳಗೆ, ಕಂಬಳಿಯ ಕೆಳಗೆ. ಚೌಕಟ್ಟುಗಳು ಮಾತ್ರ ಅಲ್ಲಾಡದೆ ನಿಂತಿದ್ದವು. ಅವನ್ನು ದಸ್ತಗೀರ ಅಷ್ಟು ಚೆನ್ನಾಗಿ ನಿಲ್ಲಿಸಿದ್ದ.

ಎರಡು ದಿನಕ್ಕೆ ಕೂಸು ಹಾಲು ಬಿಟ್ಟಿತು. ಪಕ್ಕೆ ಒಳಗೆ ಸೇದಿಕೊಂಡು ಉಸಿರಾಡತೊಡಗಿತು. ನರ್ಸಬಾಯಿ ಬರುವ ದಿನವಲ್ಲ ಅದು. ಅವಳ ಮನೆಯ ಚೌಕಟ್ಟಿಗೆ ಯಾರದೋ ಆಡು ಕಟ್ಟಿತ್ತು. ಮುಂಜಾನೆಯ ಬಸ್ಸಿಗೆ ನಾನು, ನಮ್ಮವರು, ಅತ್ತೆ ರಾಯಬಾಗಕ್ಕೆ ಹೊರಟೆವು. ಅರ್ಧ ದಾರಿಗೆ ನನ್ನ ಎದೆಗೆ ಆನಿಸಿದ್ದ ಮೈಯಲ್ಲಿ ಏನೋ ನಿಂತದ್ದು ನನಗೆ ತಿಳಿಯಿತು. ಹೇಳಲಿಲ್ಲ. ಹೇಳಿದರೆ ಬಸ್ಸಿನಿಂದ ಇಳಿಸಿಬಿಡುತ್ತಾರೆ, ಆ ಮಳೆಯಲ್ಲಿ ಅವನು ತೋಯುತ್ತಾನೆ ಎಂದು ತಲೆಯಲ್ಲಿ ಬಂತು. ಸೆರಗು ಸರಿಯಾಗಿ ಹೊದಿಸಿದೆ. ಕಂಡಕ್ಟರ್ ಬಂದು, "ಸರದ ಕುಂದ್ರ ಬೇ," ಅಂದ. ಸರಿದು ಕೂತೆ. ಅತ್ತೆ ಎರಡು ಸಲ, "ಮಲಗ್ಯಾನೇನ?" ಎಂದು ಕೇಳಿದರು. ಹೂಂ ಅಂದೆ. ದವಾಖಾನೆಯ ಕಟ್ಟೆಯ ಮೇಲೆ ಕೂತ ಮೇಲೆ ಹೇಳಿದೆ.

ಅತ್ತೆಯ ಬಾಯಿಂದ ಬಂದ ಕೂಗು ಇಂದಿಗೂ ಕಿವಿಯಲ್ಲಿದೆ. ನನ್ನ ಬಾಯಿಂದ ಏನೂ ಬರಲಿಲ್ಲ. ಮಡ್ಡಿಯ ಅಂಚಿಗೆ ಮಣ್ಣು ಮಾಡಿದರು. ಜನ ಮಾತಾಡಿಸಲು ಬಂದರು, ಒಬ್ಬೊಬ್ಬರೂ ಚೌಕಟ್ಟಿನೊಳಗಿಂದ ತಲೆ ಬಗ್ಗಿಸಿ. "ಕಲ್ಲ ಮನಸ ಮಾಡ್ಯಾಳ," ಎಂದು ಹೆಂಗಸರು ಪಿಸುಗುಟ್ಟಿದ್ದು ಕೇಳಿಸಿತು. ಕಲ್ಲೋ ಮಣ್ಣೋ ನನಗೂ ತಿಳಿಯಲಿಲ್ಲ. ರೊಟ್ಟಿ ಬಡಿದೆ, ಎಮ್ಮೆ ಹಿಂಡಿದೆ, ಕಸ್ತೂರಿಯ ತಲೆ ಬಾಚಿದೆ. ಹಾಲು ಸುರಿದು ಕುಪ್ಪಸ ತೋಯ್ದಾಗ ಬದಲಿಸಿದೆ. ಅತ್ತೆ ಅಂದಿನಿಂದ ಚೌಕಟ್ಟಿನೊಳಗೆ ಕಾಲಿಡಲಿಲ್ಲ, ಪಕ್ಕದಿಂದ ಬಂದು ಪಕ್ಕದಿಂದ ಹೋಗುತ್ತಿದ್ದರು. ನಾನೂ ನಮ್ಮವರೂ ಅದನ್ನು ನೋಡಿಯೂ ನೋಡದವರ ಹಾಗೆ ಇದ್ದೆವು.

ಮಳೆ ತುಸು ಹಿಂದೆಗೆದ ಮೇಲೆ ಒಂದು ದಿನ ದಸ್ತಗೀರ ಮಾಮಾ ಕರಣಿ, ದಾರ, ಗುಂಡು ಹಿಡಿದು ನಮ್ಮ ಜಾಗಕ್ಕೆ ಬಂದ. ಅವನ ಹಿಂದೆ ಬಸಪ್ಪ ಕಾಕಾ. ಕಾಕಾನ ಗೋಡೆ ಮತ್ತೆ ಸೊಂಟದ ಮಟ್ಟಕ್ಕೆ ಬಂದು ನಿಂತಿತ್ತು, ಸರದಿಯಲ್ಲಿ ಅವನೇ ಮೊದಲಿನವ. ಅವನು ನಮ್ಮವರ ಹೆಗಲ ಮೇಲೆ ಕೈಯಿಟ್ಟು, "ಮೊದಲ ನಿಮ್ಮದ ಆಗಲೆಪಾ. ನಮ್ಮ ಪಾಳೆ ಬಿಟ್ಟೀವಿ. ಎಲ್ಲಾರೂ ಬಿಟ್ಟೀವಿ," ಅಂದ. ಅವರ ಹಿಂದೆ ಊರೇ ಬಂತು. ಕಲ್ಲು ಹೊತ್ತರು, ಮಣ್ಣು ತುಳಿದರು. ಎಂಥ ಜನ, ಎಷ್ಟು ಒಳ್ಳೆಯವರು ಎಂದು ಕಣ್ಣು ತುಂಬಬೇಕಿತ್ತು ನನಗೆ. ಸಿಟ್ಟು ಬಂತು. ಮೈಯೆಲ್ಲ ಉರಿಯುವ ಸಿಟ್ಟು. ಹೊಟ್ಟೆ ಹೊತ್ತು ಅವರ ಚೌಕಟ್ಟುಗಳ ನಡುವೆ ಓಡಾಡುತ್ತಿದ್ದಾಗ ಯಾರೂ ಬಿಡದ ಪಾಳಿ ಈಗ ಎಲ್ಲರಿಗೂ ಬಿಡಲು ಬಂತಲ್ಲ! ಆ ಸಿಟ್ಟೂ ಎರಡು ದಿನಕ್ಕೆ ಆರಿಹೋಯಿತು. ಆಮೇಲೆ ಏನೂ ಉಳಿಯಲಿಲ್ಲ. ನಾನೂ ಸೀರೆಯ ಕಚ್ಚೆ ಹಾಕಿ ಮಣ್ಣಿನ ಬುಟ್ಟಿ ಹೊತ್ತೆ.

ಚೌಕಟ್ಟನ್ನು ಯಾರೂ ಮಲಗಿಸಬೇಕಾಗಲಿಲ್ಲ. ಎರಡೂ ಕಡೆಯಿಂದ ಗೋಡೆ ಬಂದು ಅದನ್ನು ಹಿಡಿದುಕೊಂಡಿತು. ಗೋಡೆಗಳು ಏರಿದ ಹಾಗೆ ಒಳಗೆ ನೆರಳು ಬಂತು, ಗಾಳಿ ನಿಂತಿತು. ಹಸಿ ಮಣ್ಣಿನ ವಾಸನೆ ತುಂಬಿತು. ಮಧ್ಯಾಹ್ನ ಎಲ್ಲರೂ ಉಣ್ಣಲು ಹೋದಾಗ ನಾನು ಒಳಗೆ ನಿಂತು ಗೋಡೆ ಮುಟ್ಟಿ ನೋಡುತ್ತಿದ್ದೆ. ತಣ್ಣಗಿತ್ತು.

ದಸರೆಯ ಹೊತ್ತಿಗೆ ತೊಲೆ ಏರಿಸಿದರು. ದಸ್ತಗೀರ ಮಾಮಾ ಗೋಡೆಯ ಮೇಲೆ ಕೂತು, ತೊಲೆಗಳನ್ನು ಒಂದೊಂದಾಗಿ ಕೂರಿಸಿ, ಸಂದುಗಳಿಗೆ ಕಲ್ಲಿನ ಚಕ್ಕೆ ಬಡಿಯುತ್ತಿದ್ದ. ಅವನಿಗೂ ತುಸು ಹುರುಪು ಬಂದಿತ್ತು. ಆ ವರ್ಷ ಅವನ ಕೈಯಿಂದ ಮುಗಿಯುತ್ತಿದ್ದ ಮೊದಲನೆಯ ಮನೆ ಅದು. ಕೆಳಗೆ ಅತ್ತೆ ಕಲ್ಲಿನ ಚಕ್ಕೆ ಆರಿಸುತ್ತಿದ್ದರು, ನಮ್ಮವರು ಏಣಿ ಹಿಡಿದಿದ್ದರು, ನಾನು ಮಣ್ಣಿನ ಬುಟ್ಟಿ ಎತ್ತಿ ಕೊಡುತ್ತಿದ್ದೆ. ಕೊನೆಯ ತೊಲೆ ಕೂತ ಮೇಲೆ ಅವನು ಬಗ್ಗಿ ಕೂಗಿದ, ಎಷ್ಟೋ ವರ್ಷಗಳಿಂದ ಎಲ್ಲ ಮನೆಗಳಲ್ಲೂ ಮನೆಯ ಸೊಸೆಯನ್ನು ಕೇಳಿ ರೂಢಿಯಾದ ಮಾತು:

"ತಂಗಿ, ತೊಟ್ಟಿಲದ ಕೊಂಡಿ ಯಾವ ತೊಲಿಗಿ ಹಾಕ್ಲಿ?"

ಕೂಗಿದ ಮೇಲೆ ಅವನಿಗೆ ಗೊತ್ತಾಯಿತು. ಕೈಯಲ್ಲಿ ಕಬ್ಬಿಣದ ಕೊಂಡಿ ಹಿಡಿದವನು ಹಾಗೆಯೇ ಕೂತುಬಿಟ್ಟ. ಅತ್ತೆ ಸೆರಗು ಬಾಯಿಗೆ ತುರುಕಿಕೊಂಡು ಕಲ್ಲುಗಳ ನಡುವೆ ಕುಸಿದರು. ನಮ್ಮವರು ಏಣಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದರು, ಏಣಿಯ ಮೇಲೆ ಯಾರೂ ಇರಲಿಲ್ಲ.

"ಎಲ್ಲಾರ ಮನ್ಯಾಗ ಯಾವದಕ್ಕ ಹಾಕ್ತಿ, ಅದಕ್ಕ ಹಾಕ ಮಾಮಾ," ಅಂದೆ.

ನಡುವಿನ ತೊಲೆಗೆ ಹಾಕಿದ. ನಾವು ಅದಕ್ಕೆ ಪ್ರತಿ ವರ್ಷ ಬಿತ್ತನೆಯ ಗೊಂಜಾಳದ, ಅಂದರೆ ಮೆಕ್ಕೆಜೋಳದ, ತೆನೆ ಕಟ್ಟಿದೆವು. ಬೇರೇನೂ ಕಟ್ಟುವ ಪ್ರಸಂಗ ಬರಲಿಲ್ಲ.